ಅಂಗಳ ಅಗೆಯದೆ ಹಳೆ ಸಂಡಾಸ್ ಲೈನ್ ಬದಲಿಸಬಹುದಾ?

ಕಲಬುರಗಿಯಲ್ಲಿ ಹಳೆ ಮನೆ, ಸಂಡಾಸ್ ಲೈನ್ ಪದೇ ಪದೇ ಕಟ್ಟುತ್ತದೆ, ಅಂಗಳದ ಶಹಾಬಾದ್ ಫರಸಿ ಕೀಳದೆ ಹೊಸ ಪೈಪ್ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು. ಇದೇ ಊರಲ್ಲಿ ನಮ್ಮ ಮನೆಗೆ ಹಾಕಿಸಿದ್ದೇವೆ. ಆದರೆ ಯಾರಿಗೂ ಅಡ್ವಾನ್ಸ್ ಕೊಡುವ ಮೊದಲು ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ನೋಡಿ, ದಯವಿಟ್ಟು.

ನಾವು ಅದನ್ನು ಮಾಡದೆ ಎರಡು ವರ್ಷ ಸುಮ್ನೆ ಕಟ್ಟಿದ್ದನ್ನು ಬಿಡಿಸಲು ಸ್ಪ್ರಿಂಗ್ ತಂತಿ ಹಾಕಿಸುತ್ತಾ ಕೂತೆವು. ಕೊನೆಗೆ ಕ್ಯಾಮೆರಾ ಬಿಟ್ಟಾಗ ಕಂಡದ್ದು ಬೇವಿನ ಬೇರು. ಜಾಯಿಂಟ್‌ನಿಂದ ಒಳಗಿಳಿದು ಎಮ್ಮೆ ಬಾಲದ ಕುಚ್ಚಿನ ಹಾಗೆ ನೇತಾಡುತ್ತಿತ್ತು, ಅದಕ್ಕೆ ಕೂದಲು, ಬಟ್ಟೆ ಚೂರು ಸುತ್ತಿಕೊಂಡಿತ್ತು. ಹಳೆಯದು ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪ್, ಎರಡು ಮೂರು ಅಡಿಗೊಂದು ಸಿಮೆಂಟ್ ಜಾಯಿಂಟ್. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಆ ಜಾಯಿಂಟ್ ಎಷ್ಟು ವರ್ಷ ತಡೆದೀತು, ಅಲ್ವಾ?

ದಾರಿ ಎರಡಿವೆ. ಒಂದು ಲೈನಿಂಗ್. ಕಾದರೆ ಗಟ್ಟಿಯಾಗುವ ಅಂಟಿನಲ್ಲಿ, ಅಂದರೆ ರೆಸಿನ್‌ನಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೆ ಪೈಪಿನೊಳಗೆ ಸೇರಿಸಿ, ಗಾಳಿ ತುಂಬಿ ಉಬ್ಬಿಸಿ, ಬಿಸಿನೀರು ಅಥವಾ ಹಬೆ ಕೊಟ್ಟು ಗಟ್ಟಿ ಮಾಡುತ್ತಾರೆ. ಪೈಪ್ ಬಿರುಕು ಬಿಟ್ಟಿದ್ದರೂ ಆಕಾರ ಉಳಿದಿದ್ದರೆ ಇದು ಸಾಕು, ಕುಸಿದು ಮುಚ್ಚಿಹೋಗಿದ್ದರೆ ಆಗುವುದಿಲ್ಲ. ಇನ್ನೊಂದು ಪೈಪ್ ಬರ್ಸ್ಟಿಂಗ್, ನಾವು ಮಾಡಿಸಿದ್ದು ಇದನ್ನೇ. ಎರಡು ತುದಿಗೆ ಒಂದೊಂದು ಗುಂಡಿ ತೋಡಿ, ಹಳೆ ಪೈಪಿನೊಳಗೆ ಉಕ್ಕಿನ ಹಗ್ಗ ಹಾಯಿಸಿ, ಬುಗುರಿ ಆಕಾರದ ಕಬ್ಬಿಣದ ತಲೆಯನ್ನು ಆ ಕಡೆಯಿಂದ ಎಳೆಯುತ್ತಾರೆ. ಅದು ಹಳೆ ಪೈಪನ್ನು ಒಡೆದು ಸುತ್ತಲಿನ ಮಣ್ಣಿಗೆ ಒತ್ತುತ್ತಾ ಹೋದ ಹಾಗೆ ಹಿಂದಿನಿಂದ ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಎಚ್‌ಡಿಪಿಇ ಪೈಪ್ ಬರುತ್ತದೆ. ಅದರ ತುಂಡುಗಳನ್ನು ಕಾಯಿಸಿ ಬೆಸೆದಿರುವುದರಿಂದ ಬೇರು ನುಗ್ಗಲು ಸಂದೇ ಇರುವುದಿಲ್ಲ.

ನಮಗೆ ಮೊದಲು ಬಂದ ಕಂಟ್ರಾಕ್ಟರ್ ಹೇಳದೇ ಇದ್ದ ಮಾತು ಒಂದಿದೆ. ಎರಡೂ ವಿಧಾನದಲ್ಲಿ ಹೊಸ ಪೈಪ್ ಹಳೆಯದರ ದಾರಿಯಲ್ಲೇ ಕೂರುತ್ತದೆ. ಎರೆ ಮಣ್ಣಲ್ಲಿ ಲೈನ್ ನಡುವೆ ಜೋಕಾಲಿ ಹಗ್ಗದ ಹಾಗೆ ಜಗ್ಗಿದ್ದರೆ ಆ ಜಗ್ಗು ಹಾಗೇ ಉಳಿಯುತ್ತದೆ, ಹೊಲಸು ಮತ್ತೆ ಅಲ್ಲೇ ನಿಲ್ಲುತ್ತದೆ. ಕ್ಯಾಮೆರಾ ಹೋಗುತ್ತಾ ಹೋಗುತ್ತಾ ನೀರಲ್ಲಿ ಮುಳುಗಿದರೆ ಅದೇ ಜಾಗ ಅಂತ ತಿಳಿಯಿರಿ. ನಮ್ಮಲ್ಲಿ ಅಂಥದ್ದು ಆರು ಅಡಿ ಇತ್ತು. ಅಷ್ಟನ್ನು ಅಗೆದು ಇಳಿಜಾರು ಸರಿ ಮಾಡಿಸಿ, ಉಳಿದದ್ದನ್ನಷ್ಟೇ ಎಳೆಸಿದೆವು.

ಪಕ್ಕದಲ್ಲೇ ನಲ್ಲಿ ಪೈಪ್ ಹೋಗಿದ್ದರೆ, ಲೈನ್ ತೀರಾ ಮೇಲೆ ಇದ್ದರೆ ಬರ್ಸ್ಟಿಂಗ್ ಬೇಡ. ನೆಲ ಉಬ್ಬಿ ಫರಸಿ ಏಳುತ್ತದೆ. ನಡುವೆ ಬಚ್ಚಲಿನ ಪೈಪ್ ಸೇರುವ ಕಡೆಯೂ ಒಂದು ಗುಂಡಿ ಬೇಕೇ ಬೇಕು. ಇನ್ನು ನಿಮ್ಮದು ಬರೀ ಹದಿನೈದು ಅಡಿ, ಮೇಲೆ ಫರಸಿ ಮಾತ್ರ ಅಂದರೆ ನಾನಾದರೆ ಅಗೆಸಿಯೇ ಬಿಡುತ್ತೇನೆ. ಫರಸಿಯನ್ನು ಹಾರೆಯಿಂದ ಮೆಲ್ಲಗೆ ಎಬ್ಬಿಸಿ, ಸೀಮೆಸುಣ್ಣದಲ್ಲಿ ನಂಬರ್ ಬರೆದಿಟ್ಟರೆ ಮತ್ತೆ ಅದನ್ನೇ ಕೂರಿಸಬಹುದು. ಮಷಿನ್ ತರಿಸುವ ಖರ್ಚು ಅದಕ್ಕಿಂತ ಜಾಸ್ತಿ. ಮೇಲೆ ಕಾಂಕ್ರೀಟ್, ಮೆಟ್ಟಿಲು, ಮರ ಇದ್ದರೆ ಮಾತ್ರ ಮಷಿನ್ ಲೆಕ್ಕಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೂ ಇನ್ನೊಮ್ಮೆ ಕ್ಯಾಮೆರಾ ಬಿಡಿಸಿ, ನೀವೇ ಕಣ್ಣಾರೆ ನೋಡಿ, ಆಮೇಲೆ ಉಳಿದ ದುಡ್ಡು ಕೊಡಿ.