ಕೆಡವಿದ ಟಾಕೀಸಿನ ಚರಿತ್ರೆಯನ್ನು ಎಲ್ಲಿಂದ ಆರಂಭಿಸುವುದು?

ಮಾನ್ಯರೇ,

ತಮ್ಮ ಊರಿನ ಟಾಕೀಸನ್ನು ಕೆಡವಿದ ಸುದ್ದಿಯನ್ನೂ ಗಾಂಧಿ ಕ್ಲಾಸಿನಲ್ಲಿ, ಅಂದರೆ ಪರದೆಗೆ ಹತ್ತಿರದ ಅಗ್ಗದ ದರದ ಜಾಗದಲ್ಲಿ, ಕುಳಿತು ಸಿನಿಮಾ ನೋಡಿದ ದಿನಗಳನ್ನೂ ವಿವರವಾಗಿ ಬರೆದಿದ್ದೀರಿ. ಅದು ಆರಂಭವಾದ ವರ್ಷವನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಮ್ಮಲ್ಲಿರುವುದು ನೆನಪು ಮಾತ್ರ. ಇಷ್ಟರಿಂದ ಚರಿತ್ರೆ ಬರೆಯಲಾದೀತೇ, ಬರೆದರೆ ಯಾರಿಗೆ ಬೇಕು ಎಂಬುದು ತಮ್ಮ ಪ್ರಶ್ನೆ.

ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಚಿತ್ರರಂಗದ ಚರಿತ್ರೆಯನ್ನು ನಾವು ಬಹುಪಾಲು ನಟರು ಮತ್ತು ನಿರ್ದೇಶಕರ ಕಡೆಯಿಂದಲೇ ಬರೆದುಕೊಂಡು ಬಂದಿದ್ದೇವೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತೆಂದು ಪರೀಕ್ಷೆಗೆ ಓದುವ ಮಕ್ಕಳಿಗೂ ಗೊತ್ತು. ಅದನ್ನು ತೋರಿಸಿದ್ದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ ಎಂಬುದು ಬಲ್ಲವರಿಗಷ್ಟೇ ಗೊತ್ತು. ಕೆಂಪೇಗೌಡ ರಸ್ತೆಯ ಆಸುಪಾಸಿನ ಸಾಗರ್, ಹಿಮಾಲಯ, ಕಪಾಲಿ ಚಿತ್ರಮಂದಿರಗಳೇ ನೆಲಸಮವಾಗಿರುವಾಗ, ತಾಲ್ಲೂಕು ಕೇಂದ್ರದ ಟಾಕೀಸನ್ನು ಆ ಊರಿನವರಲ್ಲದೆ ಬೇರೆ ಯಾರು ದಾಖಲಿಸಬೇಕು?

ಇನ್ನು ವರ್ಷದ ವಿಚಾರ. ಊರಿನವರು ಹೇಳುವ ವರ್ಷಗಳೆಲ್ಲವೂ ಸರಿಯಿರಬಹುದು. ಎಷ್ಟೋ ಊರುಗಳಲ್ಲಿ ಮೊದಲು ಟೂರಿಂಗ್ ಟಾಕೀಸಿನವರು ಬಯಲಿನಲ್ಲಿ ಟೆಂಟ್ ಹಾಕಿ, ಜನರನ್ನು ನೆಲದ ಮೇಲೆ ಕೂರಿಸಿ ಆಟ ತೋರಿಸಿದರು. ಪಕ್ಕಾ ಕಟ್ಟಡ ಎದ್ದದ್ದು ಆಮೇಲೆ. ಒಬ್ಬರಿಗೆ ಟೆಂಟಿನ ವರ್ಷ ನೆನಪಿದ್ದರೆ, ಇನ್ನೊಬ್ಬರಿಗೆ ಕಟ್ಟಡದ್ದು. ಇದನ್ನು ಬಿಡಿಸಲು ಕಾಗದ ಬೇಕು. 1964ರ ಸಿನಿಮಾ ನಿಯಂತ್ರಣ ಕಾಯ್ದೆಯಂತೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು; ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಯ ಹಳೆಯ ಕಡತದಲ್ಲಿ ಕಟ್ಟಡದ ನಕ್ಷೆ ಮತ್ತು ಆಸನಗಳ ಸಂಖ್ಯೆ ಉಳಿದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದು. ಮಾಲೀಕರ ಮನೆಯಲ್ಲಿ ಡಿ.ಸಿ.ಆರ್., ಅಂದರೆ ದಿನದ ಕಲೆಕ್ಷನ್ ವರದಿಯ ಪ್ರತಿಗಳೇನಾದರೂ ಸಿಕ್ಕರೆ, ಯಾವ ಚಿತ್ರ ಎಷ್ಟು ದಿನ ಓಡಿತೆಂಬ ವಾದವೂ ಮುಗಿದಂತೆಯೇ.

ಆದರೆ ಯಾವ ಕಡತದಲ್ಲೂ ಸಿಗದ್ದು ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನೊಳಗಿನ ಕೆಲಸ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ 35 ಮಿ.ಮೀ. ಫಿಲ್ಮಿನ ಸಾವಿರ ಅಡಿ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿಮೂರು ಹದಿನಾಲ್ಕು ರೀಲು. ಎರಡು ಪ್ರೊಜೆಕ್ಟರ್‌ಗಳಿದ್ದ ಕಡೆ, ಒಂದರ ರೀಲು ಮುಗಿಯುತ್ತ ಬಂದಾಗ ಪರದೆಯ ಮೇಲ್ಭಾಗದ ಬಲ ಮೂಲೆಯಲ್ಲಿ ಚುಕ್ಕಿಯೊಂದು ಮಿಂಚಿದೊಡನೆ ಆಪರೇಟರ್ ಎರಡನೆಯ ಯಂತ್ರದ ಮೋಟಾರು ಚಾಲೂ ಮಾಡಿ, ಕೆಲವು ಸೆಕೆಂಡುಗಳ ನಂತರ ಇನ್ನೊಂದು ಚುಕ್ಕಿ ಕಂಡಾಗ ಆಟವನ್ನು ಅದಕ್ಕೆ ಬದಲಿಸುತ್ತಿದ್ದರು. ಕೈ ಪಳಗಿದ್ದರೆ ಪ್ರೇಕ್ಷಕರಿಗೆ ಅದರ ಸುಳಿವೇ ಸಿಗುತ್ತಿರಲಿಲ್ಲ. ದೀಪವೆಂದರೆ ಬಲ್ಬಲ್ಲ, ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ವಿದ್ಯುತ್ ಜ್ವಾಲೆ. ಕಡ್ಡಿ ಸವೆದಂತೆ ಅಂತರ ಹೆಚ್ಚಿ ಪರದೆ ಮಂಕಾಗುತ್ತಿತ್ತು. ಅದನ್ನು ಆಗಾಗ ಸರಿಪಡಿಸುತ್ತಲೇ ಇರಬೇಕಿತ್ತು. ತಾವು ಬರೆದಿರುವ ಸೀಟಿ, ಕೂಗಾಟಗಳಲ್ಲಿ ಕೆಲವಾದರೂ ಈ ಮಂಕುಬೆಳಕಿನ ಫಲವಾಗಿದ್ದಿರಬೇಕು. ಆ ಬಿಸಿಯಲ್ಲಿ, ಹೊಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಆಟ ನಡೆಸಿದವರ ದುಡಿಮೆಯನ್ನು ಬಿಟ್ಟು ಬರೆದ ಟಾಕೀಸಿನ ಕಥೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ತಮ್ಮ ನೆನಪುಗಳನ್ನು ಬದಿಗಿಡಿ ಎಂದು ಇದರರ್ಥವಲ್ಲ. ಗಾಂಧಿ ಕ್ಲಾಸಿನಲ್ಲಿ ಯಾವ ಕೇರಿಯವರು ಕೂರುತ್ತಿದ್ದರು, ಬಾಲ್ಕನಿಗೆ ಯಾರು ಹೋಗುತ್ತಿದ್ದರು, ಹೆಂಗಸರು ಮೊದಲ ಆಟಕ್ಕೆ ಬರುತ್ತಿದ್ದರೋ ಮ್ಯಾಟಿನಿಗೋ ಎಂಬುದನ್ನು ತಾವೇ ಹೇಳಬೇಕು. ನಟರ ಹೆಸರು ಕಡಿಮೆಯಾದರೂ ಪರವಾಗಿಲ್ಲ, ಇವು ಬಿಟ್ಟುಹೋಗದಿರಲಿ.

ಅಲ್ಲಿನ ಹಳೆಯ ಆಪರೇಟರ್ ಇನ್ನೂ ಊರಿನಲ್ಲೇ ಇದ್ದಾರೆ, ವಯಸ್ಸಾಗಿದೆ ಎಂದು ಬರೆದಿದ್ದೀರಿ. ಕಚೇರಿಯ ಕಡತಕ್ಕೆ ಆಮೇಲೆ ಅರ್ಜಿ ಹಾಕಬಹುದು. ಮೊದಲು ಅವರನ್ನು ಕಂಡು, ಒಪ್ಪಿದರೆ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಲೇಖನ ದೀರ್ಘವಾದರೂ ಪ್ರಕಟಿಸುತ್ತೇವೆ.

— ಸಂಪಾದಕ