ಸೆರಗಿನ ಗಂಟಿನಲ್ಲಿದ್ದ ಗುಳಿಗೆ

ಹೆಸರು ಬದಲಿಸಿದ್ದೇನೆ, ರೇಣುಕಾ ಅನ್ನೋಣ. ವಯಸ್ಸು 26, ಸಿಂಧನೂರು ಕಡೆಯ ಹಳ್ಳಿ. ಗಂಡ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು. ಸಂಕ್ರಾಂತಿಗೆ ವಾರ ಇರುವಾಗ ಆಶಾ ಕಾರ್ಯಕರ್ತೆಯ ಜೊತೆ ರೇಣುಕಾ ನನ್ನ ಹತ್ತಿರ ಬಂದರು. ಮತ್ತೆ ಬಸುರು ನಿಂತಿತ್ತು. ತೊಡೆಯ ಮೇಲೆ ಒಂಬತ್ತು ತಿಂಗಳ ಎರಡನೇ ಮಗು, ತಾಯಿ ಕಾರ್ಡಿನ ಮೂಲೆ ಕಚ್ಚುತ್ತಿತ್ತು.

ಕೂತವರೇ ಸೆರಗಿನ ಗಂಟು ಬಿಚ್ಚಿದರು. ನೆಗೆಣ್ಣಿ ಮೆಡಿಕಲ್ ಶಾಪಿನಿಂದ ತಂದುಕೊಟ್ಟ, ಗರ್ಭ ತೆಗೆಸುವ ಗುಳಿಗೆ. ಬೆವರಿಗೆ ಕವರ್ ಮೆತ್ತಗಾಗಿತ್ತು.

"ಇದನ್ನ ನುಂಗಿದ್ರ ಹೋಗತೈತಿ ಅಂದಾಳ್ರಿ ಮೇಡಂ. ರಾತ್ರಿ ನುಂಗ್ಲೇನ್ರಿ?"

ಬೇಡ ಅಂದೆ. ಹೆರಿಗೆ ಆದ ಮೇಲೆ ಅವರು ಮುಟ್ಟೇ ಆಗಿರಲಿಲ್ಲ. ಹಾಲು ಕುಡಿಸುವಾಗ ಬಸುರು ನಿಲ್ಲಲ್ಲ ಅಂತ ನಂಬಿದ್ದರು. ನಮ್ಮ ಕಡೆ ಈ ನಂಬಿಕೆ ಜಾಸ್ತಿ. ಮಗುವಿಗೆ ಆರು ತಿಂಗಳು ತುಂಬುವ ತನಕ, ಬರೀ ಎದೆಹಾಲು ಕೊಡುತ್ತಿದ್ದು, ಮುಟ್ಟೂ ಶುರುವಾಗದಿದ್ದರೆ ಮಾತ್ರ ಅದನ್ನು ನೆಚ್ಚಬಹುದು. ಮುಟ್ಟಿನ ದಿನವೇ ಇಲ್ಲದಿದ್ದರೆ ವಾರ ಎಣಿಸೋದು ಹೇಗೆ? ಮರುದಿನ ಸ್ಕ್ಯಾನ್ ಮಾಡಿಸಿದಾಗ 10 ವಾರ. ಹಿಮೋಗ್ಲೋಬಿನ್ 8.5, ಅಂದರೆ ರಕ್ತ ಕಡಿಮೆ. ಮಾತ್ರೆಗೆ ನಮ್ಮಲ್ಲಿ 9 ವಾರದ ಮಿತಿ, ಅದೂ ವೈದ್ಯರು ನೋಡಿ ಕೊಟ್ಟರೆ. ಆ ರಾತ್ರಿ ನುಂಗಿ, ಮನೆಯಲ್ಲೇ ರಕ್ತ ಹೋಗೋಕೆ ಶುರುವಾಗಿದ್ದರೆ? ಈಗಲೂ ಎದೆ ಝಲ್ಲೆನ್ನುತ್ತದೆ.

ಅತ್ತೆಯದು ಬೇರೆ ಮಾತು. "ಈ ಸಲ ಗಂಡಿದ್ರ?" ಗಂಡನ ಸಹಿ ಇಲ್ಲದೆ ಆಗಲ್ಲ ಅಂತಲೂ ಹೆದರಿಸಿದ್ದರು. ಹಾಗೇನಿಲ್ಲ. ಗರ್ಭಪಾತದ 1971ರ ಕಾಯ್ದೆ, 2021ರ ತಿದ್ದುಪಡಿ ಪ್ರಕಾರ 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು. ಕಾಯ್ದೆಯಲ್ಲಿ ಹೇಳಿರುವ ಕಾರಣಗಳಿದ್ದರೆ 20 ವಾರದ ತನಕ ಒಬ್ಬ ವೈದ್ಯರು ಒಪ್ಪಿದರೆ ಆಯಿತು. ಹೆಸರು ಗುಟ್ಟಾಗಿರುತ್ತದೆ. ಇನ್ನು ಗಂಡೋ ಹೆಣ್ಣೋ ಅಂತ ಕೇಳೋದು, ಹೇಳೋದು ಎರಡೂ ಅಪರಾಧ.

ಇಷ್ಟು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದೆ. "ಬರೋ ಮುಂಗಾರಿನ ನಾಟಿ ಹೊತ್ತಿಗೆ ನಿಮ್ಮ ಮನೆ ಹೇಗಿರುತ್ತೆ, ಹೇಳಿ." ಮೊದಲು ಸುಮ್ನೆ ಕೂತರು. ಆಮೇಲೆ ನಿಲ್ಲಿಸದೆ ಮಾತಾಡಿದರು. ನೀರು ಯಾರು ಹೊರೋದು, ಕೂಲಿ ತಪ್ಪಿದರೆ ಹೇಗೆ, ಈ ಮಗು ಆಗ ಇನ್ನೂ ನಡೆಯೋದು ಕಲಿಯುತ್ತಿರುತ್ತೆ. ನಾನು ಹೂಂ ಅಂತಲೂ ಅನ್ನಲಿಲ್ಲ. ಇಟ್ಕೊಳ್ತೀನಿ ಅಂದಿದ್ದರೆ ಹೊಸ ತಾಯಿ ಕಾರ್ಡಿನ ಕೆಲಸ ಅಲ್ಲೇ ಶುರು ಮಾಡುತ್ತಿದ್ದೆ.

"ನಾಕು ದಿನ ತಗೊಳ್ಳಿ, ಆದ್ರೆ ತಿಂಗಳು ಮಾಡಬೇಡಿ" ಅಂದೆ. ಮಾತ್ರೆ ನನ್ನ ಟೇಬಲ್ ಮೇಲೇ ಬಿಟ್ಟು ಹೋದರು.

ಐದನೇ ದಿನ ಗಂಡನನ್ನೂ ಕರೆದುಕೊಂಡು ಬಂದರು. "ಈ ಸಲ ಬ್ಯಾಡ್ರಿ. ನಾನಾ ಹೇಳಾಕತ್ತೀನಿ, ಯಾರ ಮಾತಲ್ಲ." ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರೇ ಗರ್ಭ ತೆಗೆದರು. ರೇಣುಕಾ ಅವರೇ ಕೇಳಿದ್ದರಿಂದ, ಮತ್ತೆ ಬಸುರು ನಿಲ್ಲದಂತೆ ಆಗಲೇ ಕಾಪರ್-ಟಿ ಹಾಕಿದರು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರು.

ಯಾರಾದರೂ ಈಗಾಗಲೇ ಮನೆಯಲ್ಲಿ ಇಂಥ ಗುಳಿಗೆ ನುಂಗಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಗಂಟೆಗೆ ಎರಡು ದೊಡ್ಡ ಪ್ಯಾಡ್ ನೆನೆಯುವಷ್ಟು ರಕ್ತ ಎರಡು ಗಂಟೆ ಹೋದರೆ, ಜ್ವರ ಬಂದರೆ, ತಲೆ ಸುತ್ತಿದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಯಾವ ಗುಳಿಗೆ, ಎಷ್ಟು ನುಂಗಿದ್ದು ಅಂತ ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.