ನೈತಿಕತೆಯ ವಿಷಯದಲ್ಲಿ ಭಾವನೆಯನ್ನು ಪಕ್ಕಕ್ಕಿಡಬೇಕೇ?

ನಿಮ್ಮ ಪ್ರಶ್ನೆ ಇಷ್ಟು. ಒಳ್ಳೆಯದು ಕೆಟ್ಟದ್ದು ತೀರ್ಮಾನಿಸುವಾಗ ಭಾವನೆಯನ್ನು ಪೂರ್ತಿ ಪಕ್ಕಕ್ಕಿಟ್ಟು ಬರೀ ಬುದ್ಧಿಯಿಂದ ಯೋಚಿಸಬೇಕು ಅಂತ ನಿಮ್ಮ ಗೆಳೆಯರು ಹೇಳುತ್ತಾರೆ. ಕಣ್ಣೀರಿಗೆ ಕರಗುವವರಿಂದ ನ್ಯಾಯ ಸಿಗಲ್ಲ ಅನ್ನುವುದು ಅವರ ವಾದ. ಇದು ಸರಿಯೇ ಅಂತ ಕೇಳಿದ್ದೀರಿ.

ಸರಿಯಲ್ಲ ಅಂತ ನನಗೆ ಅನಿಸುತ್ತದೆ. ಆದರೆ ಅವರಿಗಿರುವ ಹೆದರಿಕೆಗೆ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಗೆಳೆಯರು ಹೇಳುವುದನ್ನು ಹೆಚ್ಚುಕಡಿಮೆ 1785ರಲ್ಲೇ ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಬರೆದಿದ್ದರು. ಅಯ್ಯೋ ಪಾಪ ಅನಿಸಿ ಸಹಾಯ ಮಾಡುವುದು ಚೆನ್ನಾಗಿ ಕಾಣಬಹುದು, ಆದರೆ ಕರ್ತವ್ಯ ಅಂತ ತಿಳಿದು ಮಾಡಿದ್ದಕ್ಕೆ ಮಾತ್ರ ನಿಜವಾದ ನೈತಿಕ ಬೆಲೆ ಅಂತ ಅವರ ಮಾತು. ಅದಕ್ಕೂ ಸುಮಾರು ನಲವತ್ತೈದು ವರ್ಷ ಮೊದಲೇ ಸ್ಕಾಟ್ಲೆಂಡಿನ ಹ್ಯೂಮ್ ಇದಕ್ಕೆ ಉಲ್ಟಾ ಹೇಳಿದ್ದರು. ಬುದ್ಧಿ ಭಾವನೆಗಳ ಆಳು, ಆಳಾಗಿಯೇ ಇರಬೇಕು ಅಂತ. ಬುದ್ಧಿ ದಾರಿ ಹುಡುಕಿಕೊಡುತ್ತದೆ, ಎಲ್ಲಿಗೆ ಹೋಗಬೇಕು ಅಂತ ಅದೊಂದೇ ಹೇಳಲಾರದು. ಮಗು ಹಸಿದಿದೆ ಅನ್ನುವುದು ಒಂದು ಸಂಗತಿ. ಆ ಸಂಗತಿ ಗೊತ್ತಾದ ಮಾತ್ರಕ್ಕೆ ಕೈ ಬುತ್ತಿಯ ಕಡೆ ಹೋಗಲ್ಲ. ಒಳಗೆ ಏನೋ ಚುರ್ ಅನ್ನಬೇಕು.

ಇದು ಬರೀ ತತ್ತ್ವಶಾಸ್ತ್ರದ ಜಗಳವಾಗಿ ಉಳಿದಿಲ್ಲ. ನರರೋಗ ತಜ್ಞ ಆಂಟೋನಿಯೋ ಡಮಾಸಿಯೋ ಹಣೆಯ ಹಿಂದಿನ ಮಿದುಳಿನ ಭಾಗಕ್ಕೆ ಪೆಟ್ಟಾದ ರೋಗಿಗಳನ್ನು ವರ್ಷಗಟ್ಟಲೆ ನೋಡಿದವರು. ಅವರಲ್ಲಿ ಒಬ್ಬನಿಗೆ ಅಲ್ಲಿದ್ದ ಗಡ್ಡೆ ತೆಗೆದಿದ್ದರು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲೆಲ್ಲಾ ಪಾಸು. ಕಷ್ಟದ ನೈತಿಕ ಪ್ರಶ್ನೆ ಕೊಟ್ಟರೂ ಎಲ್ಲಾ ದಾರಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದ. ಆದರೆ ಭಾವನೆ ಬತ್ತಿಹೋಗಿತ್ತು. ಇಷ್ಟೆಲ್ಲಾ ಹೇಳಿದ ಮೇಲೂ ಏನು ಮಾಡಬೇಕು ಅಂತ ನನಗೆ ಗೊತ್ತಾಗಲ್ಲ ಅಂದನಂತೆ. ಅವನ ಕೆಲಸ ಹೋಯಿತು, ಸಂಸಾರ ಮುರಿಯಿತು. ನಿಮ್ಮ ಗೆಳೆಯರು ಬಯಸುವ ಭಾವನೆ ಇಲ್ಲದ ಬುದ್ಧಿ ಅವನಲ್ಲಿತ್ತು. ಅದು ನೆಟ್ಟಗೆ ಒಂದು ದಿನವನ್ನೂ ನಡೆಸಿಕೊಡಲಿಲ್ಲ.

ಇನ್ನು ಅವರ ಹೆದರಿಕೆಯ ವಿಷಯ. ಭಾವನೆಗೆ ದೂರದ್ದು ಕಾಣಲ್ಲ. ಇದು ನಮ್ಮ ಕಡೆಯವರಿಗೆ ಕೊಳವೆಬಾವಿ ಅಂದ ತಕ್ಷಣ ಅರ್ಥ ಆಗಬೇಕು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗು ಬೋರ್‌ನಲ್ಲಿ ಬಿದ್ದಾಗ ಸುಮಾರು ಇಪ್ಪತ್ತು ತಾಸು ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿ, ಕಲ್ಲು ಒಡೆದು, ಮಗುವನ್ನು ಜೀವಂತವಾಗಿ ತೆಗೆದರು. ಆವತ್ತು ವಿಜಯಪುರದಲ್ಲಿ ಗುರುತು ಪರಿಚಯ ಇಲ್ಲದವರೂ ಒಬ್ಬರಿಗೊಬ್ಬರು ಸಿಹಿ ಹಂಚಿದ್ದನ್ನು ನಾನೇ ಕಂಡಿದ್ದೇನೆ. ಆ ಸಂತೋಷದಲ್ಲಿ ಒಂದು ಚೂರೂ ಸುಳ್ಳು ಇರಲಿಲ್ಲ.

ಆದರೆ ಅದಕ್ಕೂ ಮೊದಲಿನದ್ದು ನೋಡಿ. 2014ರಲ್ಲಿ ವಿಜಯಪುರ ಹತ್ತಿರದ ನಾಗಠಾಣ. ಅದೇ ವರ್ಷ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿ. 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡ. ಮೂರೂ ಕಡೆ ಮಕ್ಕಳು ಉಳಿಯಲಿಲ್ಲ. ಪ್ರತಿ ಸಲವೂ ಜನ ಅತ್ತರು, ಪೂಜೆ ಮಾಡಿಸಿದರು, ನಿದ್ದೆಗೆಟ್ಟು ಕಾದರು. ಅಷ್ಟರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ನಿಯಮ ಹೇಳಿ ಆಗಿತ್ತು. ಬೋರ್ ಕೊರೆಸುವ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಸುತ್ತ ಬೇಲಿ ಹಾಕಬೇಕು, ಪೈಪಿನ ಬಾಯಿಗೆ ಕಬ್ಬಿಣದ ಮುಚ್ಚಳ ಬಿಗಿಯಬೇಕು, ನೀರು ಬೀಳದ ಬೋರನ್ನು ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು. ಮುಚ್ಚಳದ ಖರ್ಚು ಕೊರೆಸಿದ ಖರ್ಚಿನ ಮುಂದೆ ಯಾವ ಲೆಕ್ಕಕ್ಕೂ ಇಲ್ಲ. ಆದರೂ ಬಿಸಿಲಲ್ಲಿ ಹೊಲದ ಬದುವಿನ ಮೇಲೆ ನಡೆದು ಹೋದರೆ ಈಗಲೂ ಬಾಯಿ ತೆರೆದ ಪೈಪು ಸಿಗುತ್ತದೆ. ಮೇಲೊಂದು ಗೊಬ್ಬರದ ಚೀಲ, ಅದರ ಮೇಲೊಂದು ಕಲ್ಲು. ಅಷ್ಟೇ ಅದರ ಮುಚ್ಚಳ.

ಯಾಕೆ ಹೀಗೆ? ಬಿದ್ದ ಮಗುವಿಗೆ ಮುಖ ಇದೆ, ಹೆಸರಿದೆ, ಅಳುವ ತಾಯಿ ಇದ್ದಾಳೆ. ಮುಂದೆ ಬೀಳಬಹುದಾದ ಮಗುವಿಗೆ ಇವು ಯಾವುದೂ ಇಲ್ಲ. ಇದನ್ನು ಅಳೆದು ನೋಡಿದವರೂ ಇದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಜನರ ಕೈಗೆ 5 ಡಾಲರ್ ಕೊಟ್ಟು, ಆಫ್ರಿಕಾದ ಹಸಿವಿಗೆ ಇಷ್ಟ ಇದ್ದಷ್ಟು ಕೊಡಿ ಅಂದರು. ಒಂದೇ ಹುಡುಗಿಯ ಕಥೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಲಕ್ಷಾಂತರ ಜನರ ಅಂಕಿಸಂಖ್ಯೆ ಓದಿದವರು 1.14 ಕೊಟ್ಟರು. ಆ ಹುಡುಗಿಯ ಕಥೆಯ ಜೊತೆಗೇ ಅಂಕಿಸಂಖ್ಯೆಯನ್ನೂ ಕೊಟ್ಟಾಗ ಜಾಸ್ತಿ ಆಗಬೇಕಿತ್ತು ಅಲ್ವಾ? 1.43ಕ್ಕೆ ಇಳಿಯಿತು. ನನಗೆ ಇದು ಓದಿದಾಗ ಬಹಳ ಬೇಜಾರಾಯಿತು, ಏಕೆಂದರೆ ನಂಬದೇ ಇರಲು ಆಗಲಿಲ್ಲ.

ಹಾಗಾದರೆ ಗೆಳೆಯರದ್ದೇ ಸರಿ ಅನ್ನಬೇಡಿ. ಮುಚ್ಚಳ ಹಾಕಿ ಅನ್ನುವ ನಿಯಮ ತಾನಾಗಿ ಹುಟ್ಟಲಿಲ್ಲ. ಬಿದ್ದ ಮಕ್ಕಳಿಗಾಗಿ ಅತ್ತವರು ಇದ್ದದ್ದಕ್ಕೇ ಆ ವಿಷಯ ಕೋರ್ಟಿನ ತನಕ ಹೋಯಿತು. ಬುದ್ಧಿ ಅಲ್ಲಿ ಮಾಡಿದ ಕೆಲಸ ಏನು ಅಂದರೆ, ಒಂದು ಮಗುವಿನ ಮೇಲಿದ್ದ ಸಂಕಟವನ್ನು ಇನ್ನೂ ಬೀಳದ ಮಕ್ಕಳ ತನಕ ಒಯ್ದದ್ದು. ನನ್ನ ಇಡೀ ಉತ್ತರ ಇದರಲ್ಲೇ ಇದೆ. ಭಾವನೆ ತಾನಾಗಿ ಹೋಗದ ಜಾಗಕ್ಕೆ ಅದನ್ನು ಕರೆದುಕೊಂಡು ಹೋಗುವುದು ಬುದ್ಧಿಯ ಕೆಲಸ.

ಭಾವನೆ ಅಂದರೆ ಬರೀ ಕರುಣೆ ಅಂತ ತಿಳಿಯುವುದೂ ತಪ್ಪು. ಹೆದರಿಕೆ, ಅಸಹ್ಯ ಕೂಡ ಭಾವನೆಗಳೇ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಸವದತ್ತಿ ಯಲ್ಲಮ್ಮನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಬಿಟ್ಟ ತಾಯಂದಿರು ಕಲ್ಲು ಮನಸ್ಸಿನವರಾಗಿರಲಿಲ್ಲ. ಅಳುತ್ತಲೇ ಕಟ್ಟಿದವರು ಎಷ್ಟೋ ಜನ. ಹುಡುಗಿಯ ತಲೆಯಲ್ಲಿ ಜಡೆ ಬಂತು, ಅಂದರೆ ದೇವಿ ಕರೆದಳು, ಕೊಡದಿದ್ದರೆ ಮನೆತನಕ್ಕೆ ಕೇಡು. ಜಡೆ ಯಾಕೆ ಬರುತ್ತದೆ? ಕೂದಲು ತೊಳೆಯದೆ ಬಾಚದೆ ಬಿಟ್ಟರೆ ಗಂಟು ಬೀಳುತ್ತದೆ. ಗಂಟು ಬಿದ್ದ ಮೇಲೆ ಹೆದರಿಕೆಯಿಂದ ಯಾರೂ ಬಾಚಣಿಗೆ ಮುಟ್ಟಿಸಲ್ಲ, ಮೇಲಿಂದ ಭಂಡಾರ ಹಚ್ಚುತ್ತಾರೆ, ಅದು ಇನ್ನೂ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದೇ ದೇವಿಯ ಸಾಕ್ಷಿ ಆಗುತ್ತದೆ. ಹೆದರಿಕೆ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಬೆಳೆಸಿಕೊಳ್ಳುವ ಬಗೆ ಇದು. ಇಂಥ ಕಡೆ ಕರುಣೆ ಒಂದರಿಂದ ಏನೂ ಆಗಲ್ಲ, ಏಕೆಂದರೆ ಆ ತಾಯಿಯಲ್ಲಿ ಕರುಣೆ ಮೊದಲೇ ಇತ್ತು. ಯಾರಾದರೂ ಪಕ್ಕದಲ್ಲಿ ಕೂತು ಜಡೆ ಕತ್ತರಿಸಿ, ತಲೆ ತೊಳೆದು, ನೋಡವ್ವ ಏನೂ ಆಗಲಿಲ್ಲ ಅಂತ ತೋರಿಸಬೇಕಿತ್ತು. ಹಾಗೆ ತೋರಿಸಿದ ಕಾರ್ಯಕರ್ತರು ನಮ್ಮಲ್ಲಿ ಇದ್ದರು, ಇದ್ದಾರೆ. 1982ರ ನಿಷೇಧ ಕಾಯ್ದೆ ಬಂತು, ಘಟಪ್ರಭಾದಲ್ಲಿ ಮಾಜಿ ದೇವದಾಸಿಯರೇ ಸೇರಿ ಸಂಘಟನೆ ಕಟ್ಟಿದರು. ಕಾಯ್ದೆಯ ಕಾಗದಕ್ಕಿಂತ ಆ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಆಡಿದ ಮಾತಿನ ಮೇಲೆ ನನಗೆ ಜಾಸ್ತಿ ಗೌರವ.

ಬುದ್ಧಿಯನ್ನೂ ಸುಮ್ನೆ ನಂಬಲು ಆಗಲ್ಲ. ಜೊನಾಥನ್ ಹೈಟ್ ಅನ್ನುವ ಮನಶ್ಶಾಸ್ತ್ರಜ್ಞ 2001ರಲ್ಲಿ ಒಂದು ಮಾತು ಹೇಳಿದರು, ನೈತಿಕ ವಿಷಯದಲ್ಲಿ ನಮ್ಮ ಬುದ್ಧಿ ಬಹಳ ಸಲ ನ್ಯಾಯಾಧೀಶನ ಕೆಲಸ ಮಾಡಲ್ಲ, ವಕೀಲನ ಕೆಲಸ ಮಾಡುತ್ತದೆ ಅಂತ. ತೀರ್ಪು ಮನಸ್ಸು ಮೊದಲೇ ಕೊಟ್ಟಿರುತ್ತದೆ, ಬುದ್ಧಿ ಆಮೇಲೆ ಕಾರಣ ಜೋಡಿಸುತ್ತದೆ. ಇದನ್ನು ನೋಡಬೇಕಾದರೆ ಮನೆಯಲ್ಲಿ ಬೇರೆ ಜಾತಿಯ ಮದುವೆಯ ಮಾತು ತೆಗೆದು ನೋಡಿ. ಹುಡುಗನ ನೌಕರಿ ಕಾಯಂ ಅಲ್ಲ ಅನ್ನುತ್ತಾರೆ. ಕಾಯಂ ಇದೆ ಅಂತ ತೋರಿಸಿ. ಊರು ದೂರ ಆಯಿತು ಅನ್ನುತ್ತಾರೆ. ಇಲ್ಲೇ ಮನೆ ಮಾಡುತ್ತಾರೆ ಅನ್ನಿ. ಊಟ ಉಪಚಾರ ಹೊಂದಲ್ಲ ಅನ್ನುತ್ತಾರೆ. ಹುಡುಗ ನಮ್ಮ ಮನೆಯ ರೊಟ್ಟಿ ಪಲ್ಯವನ್ನೇ ಉಂಡು ಬೆಳೆದವನು ಅನ್ನಿ. ಎಲ್ಲಾ ಕಾರಣ ಮುಗಿದ ಮೇಲೆ ಹಿರಿಯರು ತಲೆ ತಗ್ಗಿಸಿ, "ಅದೇನೋಪಾ, ಮನಸ್ಸ ಒಪ್ಪವಲ್ದು" ಅನ್ನುತ್ತಾರೆ. ನಿಜವಾದ ಕಾರಣ ಆಗ ಹೊರಗೆ ಬಂತು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಶರಣರು ಇಂಥದ್ದೇ ಒಂದು ಮದುವೆಗೆ ಎಂಥ ಬೆಲೆ ಕೊಟ್ಟರು ಅನ್ನುವ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ಬಸವಣ್ಣನ ಊರು ಇದೇ ಬಾಗೇವಾಡಿ. ಗೊತ್ತಿದ್ದೂ ಮನಸ್ಸು ಒಪ್ಪಲ್ಲ. ಆದರೂ ಮಾತು ಬಿಡಬಾರದು. ಕಾರಣಗಳೆಲ್ಲಾ ಒಂದೊಂದಾಗಿ ಬಿದ್ದ ಮೇಲೆ ಮನಸ್ಸು ಒಂಟಿಯಾಗುತ್ತದೆ, ಒಂಟಿಯಾದ ಮನಸ್ಸು ಮೊಮ್ಮಗು ಬರುವ ಹೊತ್ತಿಗೆ ಮೆತ್ತಗಾದದ್ದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ.

ಲೆಕ್ಕದ ನೀತಿಯ ಬಗ್ಗೆಯೂ ಒಂದು ಮಾತು. ರೈಲು ಹಳಿಯ ಒಗಟು ನೀವು ಕೇಳಿರಬಹುದು, ಐದು ಜನರನ್ನು ಉಳಿಸಲು ಬಂಡಿಯನ್ನು ಒಬ್ಬನ ಕಡೆ ತಿರುಗಿಸಬಹುದೇ ಅಂತ. ತತ್ತ್ವಜ್ಞಾನಿ ಫಿಲಿಪ್ಪಾ ಫುಟ್ 1967ರಲ್ಲಿ ಎತ್ತಿದ ಪ್ರಶ್ನೆ ಅದು. ಬಾಗಲಕೋಟೆಯವರಿಗೆ ಇದು ಒಗಟಲ್ಲ, ಬದುಕು. ಆಲಮಟ್ಟಿ ಅಣೆಕಟ್ಟಿನ ನೀರು ಕೆಳಗಿನ ಜಿಲ್ಲೆಗಳ ಬರದ ಹೊಲಗಳಿಗೆ ಹೋಗಬೇಕಾದರೆ ಮೇಲಿನವರ ಊರು ಮುಳುಗಬೇಕು. ಹಳೆ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಬಂತು. ಈಗ 519.6 ಮೀಟರ್ ತನಕ ನೀರು ನಿಲ್ಲಿಸುತ್ತಾರೆ, 2010ರ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ತೀರ್ಪಿನ ಪ್ರಕಾರ 524.256ಕ್ಕೆ ಏರಿಸಬಹುದು. ಏರಿಸಿದರೆ ಇನ್ನಷ್ಟು ಹಳ್ಳಿ, ಇನ್ನಷ್ಟು ಹೊಲ ನೀರಿನ ಕೆಳಗೆ. ವಿಜಯಪುರದ ಒಣ ಭೂಮಿ ಕಂಡವರು ಆ ನೀರು ಬೇಡ ಅನ್ನಲಾರರು, ನಾನೂ ಅನ್ನಲ್ಲ. ಲೆಕ್ಕ ಹಾಕಿದರೆ ಲಾಭ ಪಡೆಯುವವರೇ ಜಾಸ್ತಿ.

ಆದರೆ ಆ ಲೆಕ್ಕ ಹಾಕುವಾಗ ಏನನ್ನು ಬರೆದುಕೊಂಡರು? ಎಕರೆಗೆ ಇಷ್ಟು, ಮನೆಗೆ ಇಷ್ಟು. ಮುಳುಗಡೆ ಊರಿನ ಹಿರಿಯರ ಹತ್ತಿರ ಕೂತು ಕೇಳಿ. ಹಣ ಬಂದಿದೆ, ಆದರೆ ಬಾಡಿಗೆ ಜಮೀನು ಮಾಡಿಕೊಂಡು ಬದುಕುತ್ತಿದ್ದವನಿಗೆ ಹೊಲದ ಹಣ ಬರಲಿಲ್ಲ, ಏಕೆಂದರೆ ಹೊಲ ಅವನ ಹೆಸರಲ್ಲಿ ಇರಲಿಲ್ಲ. ಸಾಲದ ಹೊತ್ತಿಗೆ ಚೀಟಿ ಇಲ್ಲದೆ ಕೈಗಡ ಕೊಡುತ್ತಿದ್ದ ಪಕ್ಕದ ಮನೆಯವರು ಬೇರೆ ಪುನರ್ವಸತಿ ಕೇಂದ್ರಕ್ಕೆ ಹೋದರು. ಹೆರಿಗೆಗೆ ಬರುತ್ತಿದ್ದ ಅಜ್ಜಿ ಇನ್ನೆಲ್ಲೋ. ಇವು ಬರೀ ಭಾವುಕತೆ ಅಂತ ತಳ್ಳಿಹಾಕಿದರೆ ಲೆಕ್ಕವೇ ತಪ್ಪಾಗುತ್ತದೆ. ಆ ಜನರ ದುಃಖ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಅನ್ನುವುದರ ಸುದ್ದಿ. ಭಾವನೆಯನ್ನು ಪಕ್ಕಕ್ಕಿಟ್ಟ ಅಧಿಕಾರಿಗೆ ಆ ಸುದ್ದಿ ಮುಟ್ಟಲ್ಲ. ನಿಮ್ಮ ಗೆಳೆಯರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಕೊನೆಗೆ ಕಣ್ಣೀರಿನ ವಿಷಯ. ನಾನು ಜಮಖಂಡಿ ಕಡೆ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತೇನೆ, ಹಾಗಾಗಿ ನಮ್ಮ ಟೇಬಲ್ ಮುಂದೆ ಕಣ್ಣೀರು ಹೊಸದಲ್ಲ. ಕೆಲವು ದಿನಗಳ ಹಿಂದೆ ಒಬ್ಬ ಹೆಣ್ಣುಮಗಳು ಬಂದರು. ಗಂಡ ತೀರಿಕೊಂಡು ಕಂತು ನಿಂತಿತ್ತು, ಸುಸ್ತಿ ಬಡ್ಡಿ ಏರಿತ್ತು. "ಸಾಹೇಬ್ರ, ಸುಸ್ತಿ ಬಡ್ಡಿ ಅಷ್ಟ ಬಿಡ್ರಿ, ಅಸಲ ನಾ ಮುಳುಗಸಂಗಿಲ್ರಿ" ಅಂತ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಕುಂದ್ರ್ರಿ ಅಕ್ಕಾರ, ಮಂಡಳಿಗೆ ಕೇಳೂಣು" ಅಂದೆ. ಆಗ ನಮ್ಮ ಕ್ಲರ್ಕ್ ಹುಡುಗಿ ಲೆಡ್ಜರ್ ತಿರುವುತ್ತಾ, ಹೋದ ತಿಂಗಳು ಒಬ್ಬ ಮುದುಕರು ತೀರಿಕೊಂಡ ಮಗನ ಸಾಲವನ್ನು ಸುಸ್ತಿ ಬಡ್ಡಿ ಸಮೇತ ಕಟ್ಟಿ ಹೋದದ್ದನ್ನು ತೋರಿಸಿದಳು. ಅವರು ಏನೂ ಕೇಳಿರಲಿಲ್ಲ. ಕೇಳಬಹುದು ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಅಳುವವರಿಗೆ ಬಿಟ್ಟು, ಸುಮ್ಮನೆ ಕಟ್ಟಿದವರಿಂದ ವಸೂಲಿ ಮಾಡಿದರೆ ಅದು ಯಾವ ನ್ಯಾಯ? ಹಾಗಂತ ಇಬ್ಬರಿಂದಲೂ ವಸೂಲಿ ಮಾಡುವುದು ಪರಿಹಾರವೇ? ಆ ಹಣ ನಮ್ಮ ಸಂಘದ್ದೂ ಅಲ್ಲ, ದಿನಾ ಪಿಗ್ಮಿ ಕಟ್ಟುವ ಹೂವಿನವರದ್ದು, ತರಕಾರಿಯವರದ್ದು, ಅವರೂ ಆ ಹೊತ್ತಿಗೆ ನಮ್ಮ ಕಣ್ಣ ಮುಂದೆ ಇರಲ್ಲ. ಎಷ್ಟು ಬಿಟ್ಟರೆ ಠೇವಣಿದಾರರಿಗೆ ಹೊಡೆತ ಬೀಳಲ್ಲ ಅಂತ ಲೆಕ್ಕ ಮಾಡಿ, ದುಡಿಯುವವರು ತೀರಿಕೊಂಡ ಮನೆಗೆ ಸುಸ್ತಿ ಬಡ್ಡಿ ಪೂರ್ತಿ ಬಿಡಬೇಕು, ಅವರು ಕೇಳಲಿ ಬಿಡಲಿ ನಾವೇ ತಿಳಿಸಬೇಕು ಅಂತ ಮಂಡಳಿಯ ಮುಂದೆ ಇಟ್ಟೆವು, ಒಪ್ಪಿದರು. ಆ ಮುದುಕರ ಹಣ ಅವರ ಖಾತೆಗೆ ವಾಪಸ್ ಹೋಯಿತು. ಆ ಹೆಣ್ಣುಮಗಳು ನಮ್ಮ ಮುಂದೆ ಅಳದೇ ಇದ್ದಿದ್ದರೆ ಈ ನಿಯಮದ ಯೋಚನೆ ಯಾರಿಗೂ ಬರುತ್ತಿರಲಿಲ್ಲ. ಬೆಳೆ ಹೋದವರಿಗೂ ಇದನ್ನು ಕೊಡಬೇಕೇ, ಕೊಟ್ಟರೆ ಎಲ್ಲಿ ತನಕ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ, ಮುಂದಿನ ಸಭೆಗೆ ಅದೇ ವಿಷಯ ಇದೆ. ನಿಮ್ಮ ಗೆಳೆಯರ ಅಭಿಪ್ರಾಯ ಏನು ಅಂತ ಕೇಳಿ ಬರೆಯಿರಿ, ನನಗೆ ನಿಜವಾಗಿ ಬೇಕಾಗಿದೆ.